ಎರಡು ಡಿಗ್ರಿ

ಮೂವತ್ತೊಂದು ವರ್ಷದಿಂದ ನನ್ನದು ಒಂದೇ ಕೆಲಸ:
ಪೋರ್ಟೊ ನಗರಸಭೆಯ ಬೀದಿಕಂಬಗಳನ್ನು
ನೆಟ್ಟಗೆ ನಿಲ್ಲಿಸುವುದು.
ಲಾರಿ ಗುದ್ದಿದ್ದು, ಕಡಲಗಾಳಿ ವಾಲಿಸಿದ್ದು,
ಫುಟ್‌ಬಾಲ್ ಗೆದ್ದ ರಾತ್ರಿ ಹುಡುಗರು ಹತ್ತಿ ಜಗ್ಗಿದ್ದು
ಎಲ್ಲಕ್ಕೂ ಅದೆರಿತುವೇ ಬೇಕು,
ಒಂದು ಪಾನಾ, ಒಂದು ತೂಗುಗುಂಡು, ಒಂದಿಷ್ಟು ಬೈಗುಳ.

ಹಾಗಿರುವಾಗ ಸೆಪ್ಟೆಂಬರ್ ಕೊನೆಗೆ ಕಾಗದ ಬಂತು:
ಚೌಕದ ನಡುವೆ ಒಂದು ಕಂಬ ಬರುತ್ತದೆ,
ಬಗ್ಗಿಕೊಂಡೇ ಬರುತ್ತದೆ,
ಅದು ಕಲೆ.
ಕರೆಂಟು ಕೊಡತಕ್ಕದ್ದು. ನೇರ ಮಾಡತಕ್ಕದ್ದಲ್ಲ.
ಅವಧಿ ನಲವತ್ತು ದಿನ.
'ನೇರ ಮಾಡತಕ್ಕದ್ದಲ್ಲ' ಎಂಬುದರ ಕೆಳಗೆ ಎರಡು ಗೆರೆ.
ಕಚೇರಿಯಲ್ಲಿ ನನ್ನನ್ನು ಬಲ್ಲವರಿದ್ದಾರೆ.

ಟ್ರಕ್ಕಿನಿಂದ ಇಳಿಯಿತು ಒಂಬತ್ತು ಮೀಟರು ಕಬ್ಬಿಣ,
ನಮ್ಮ ಕಂಬಗಳದೇ ಹಸಿರು, ಅದೇ ಗಾಜಿನ ಬುರುಡೆ,
ಆದರೆ ನಡು ಬಗ್ಗಿ, ಕತ್ತು ಚಾಚಿ,
ನೆಲಕ್ಕೆ ಮೊಳವೊಂದೇ ಬಿಟ್ಟು,
ಬಿದ್ದ ಸೂಜಿ ಹುಡುಕುವ ಅಜ್ಜಿಯ ಹಾಗೆ
ತನ್ನದೇ ಬುಡ ನೋಡುತ್ತ.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?
ಬಗ್ಗಿತ್ತು.

"ಏನು ಕಳಕೊಂಡಿದೆ ಇದು?" ಕೇಳಿದೆ.
ಮಾಡಿದವಳು ಲಿಯೊಕಾದಿಯ, ಬ್ರಾಗಾದ ಹುಡುಗಿ,
ಮೂಗಿನ ತುದಿಗೆ ಹಸಿರು ಬಣ್ಣ.
"ನನಗೆ ಹೇಳಿಲ್ಲ," ಅಂದಳು,
"ನಿಮಗೇನಾದರೂ ಹೇಳಿದರೆ ಫೋನು ಮಾಡಿ."

ಮೊದಲ ವಾರ ಊರೇ ಕಕ್ಕಾಬಿಕ್ಕಿ.
ಪಾರಿವಾಳಗಳು ಕೂರಲು ತಲೆ ಹುಡುಕಿ ಸೋತು
ಬೆನ್ನ ಮೇಲೆ ಸಾಲಾಗಿ ಕೂತು, ಸಾಲಾಗಿ ಜಾರಿದವು.
ವಕೀಲರ ನಾಯಿ ಕಾಲೆತ್ತಿತು,
ಬೆಳಕು ಮುಖಕ್ಕೇ ಬಿತ್ತು,
ನಾಚಿ ಇಳಿಸಿತು.
ಪಿಂಚಣಿಯ ಬೆಲ್ಮಿರೊ ದಿನಾ ಬಂದು ಬೈದ:
"ನನ್ನ ಓಣಿಯಲ್ಲಿ ಎರಡು ತಿಂಗಳಿಂದ ಬಲ್ಬಿಲ್ಲ,
ಇಲ್ಲಿ ಹಾಸುಗಲ್ಲಿಗೆ ದೀಪ!"
ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು, ಎಲ್ಲ ಊರಲ್ಲೂ.
ಅವನ ಓಣಿಗೆ ಬಲ್ಬು ಹಾಕಬೇಕಾದವನು ನಾನೇ.
ಸುಮ್ಮನಿದ್ದೆ.

ಚೆಸ್ಟ್‌ನಟ್ ಸುಡುವ ಝುಲ್ಮೀರಾ ಮಾತ್ರ
ಗಾಡಿ ತಳ್ಳಿಕೊಂಡು ಬಂದು ಪಕ್ಕದಲ್ಲೇ ನಿಂತಳು.
"ಘಮಕ್ಕೆ ಬಗ್ಗಿದ್ದಾನೆ ಪಾಪಿ," ಎಂದು ಗಿರಾಕಿಗಳಿಗೆ ಹೇಳಿ
ಡಜನ್ನಿಗೆ ಐವತ್ತು ಸೆಂಟು ಏರಿಸಿದಳು.

ಹದಿನೇಳನೆಯ ಸಂಜೆ ಫ್ಯೂಸು ನೋಡಲು ಹೋಗಿದ್ದೆ.
ಫ್ಯೂಸಿಗೆ ಏನೂ ಆಗಿರಲಿಲ್ಲ, ಹಾಗೇ ಹೋಗಿದ್ದೆ.
ಒಂದು ಮಗು, ಹಲ್ಲು ಬಿದ್ದ ಬಾಯಿ,
ಅತ್ತ ಇತ್ತ ನೋಡಿ, ಕೋಟಿನ ಗುಂಡಿ ಕಿತ್ತು
ಬೆಳಕಿನ ಬಿಲ್ಲೆಯೊಳಗೆ ಇಟ್ಟಿತು.
ಕೇಳಿದ್ದಕ್ಕೆ ಪಿಸುಗುಟ್ಟಿತು:
"ಸಿಗಲಿ ಅಂತ. ಪಾಪ."

ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ.
ಒಂಟಿ ಓಲೆ, ಟ್ರಾಮಿನ ಟಿಕೆಟ್ಟು, ಬೀಗವಿಲ್ಲದ ಕೀಲಿ,
ಅರ್ಧ ಬಾಚಣಿಗೆ, ಇನ್ನೂ ಬೆಚ್ಚಗಿದ್ದ ಚೆಸ್ಟ್‌ನಟ್ ಎರಡು,
ಒಂದು ಬೆಳಿಗ್ಗೆ ಯಾರದೋ ಕೆಳದವಡೆಯ ಹಲ್ಲುಸೆಟ್ಟು
(ಅವತ್ತು ಬೆಲ್ಮಿರೊ ಬೈಯಲಿಲ್ಲ, ಬಾಯಿ ಬಿಗಿದು ನಡೆದ).
ದೀಪದ ಬುಡದಲ್ಲಿ ಕತ್ತಲೆ ಎಂದು
ನಂಬಿಕೊಂಡೇ ತಲೆ ನರೆತವನು ನಾನು.
ಅಲ್ಲಿ ಇಷ್ಟೊಂದು ಜಾಗ ಇತ್ತು.

ಸಂತ ಮಾರ್ಟಿನನ ಹಬ್ಬದ ಮರುದಿನ ಕ್ರೇನು ಬಂತು.
ಹೊಟ್ಟೆನೋವಿನವನಂತೆ ಮುದುಡಿ ಮಲಗಿ
ಕಂಬ ಇನ್ಯಾವುದೋ ಊರಿಗೆ ಹೋಯಿತು.
ನಾಲ್ಕು ಬೋಲ್ಟಿನ ತೂತು ಉಳಿದವು,
ಅವನ್ನೂ ಸಿಮೆಂಟಿನಲ್ಲಿ ಮುಚ್ಚಿದೆ.
ರಾತ್ರಿ ಲಿಯೊಕಾದಿಯಳ ಫೋನು:
"ಏನಾದರೂ ಹೇಳಿತಾ?"
ಇಲ್ಲ ಅಂದೆ.
ಗುಂಡಿ ನನ್ನ ಜೇಬಿನಲ್ಲಿತ್ತು.

ಸೋಮವಾರ ದೂರು: ಮೀನುಪೇಟೆಯ ಇಳಿಜಾರು,
ಕಂಬ ನಾನೂರ ಹನ್ನೆರಡು,
ವ್ಯಾನು ಗುದ್ದಿ ಒಂಬತ್ತು ಡಿಗ್ರಿ ವಾಲಿದೆ.
ಹೋದೆ. ಗುಂಡು ಇಳಿಬಿಟ್ಟೆ. ತಿರುಪಿದೆ.
ಏಳು. ಐದು. ಮೂರು.
ಎರಡಕ್ಕೆ ಬಂದಾಗ ಪಾನಾ ಕೆಳಗಿಟ್ಟು
ರಿಜಿಸ್ಟರಿನಲ್ಲಿ 'ನೆಟ್ಟಗಿದೆ' ಎಂದು ಬರೆದು
ಸಹಿ ಹಾಕಿದೆ.
ಯಾರಿಗೂ ತಿಳಿಯುವುದಿಲ್ಲ.
ನಾಯಿಗಳಿಗೆ ತಿಳಿದೀತು.

ಅಲ್ಲಿಂದ ಸೀದಾ ಬೆಲ್ಮಿರೊನ ಓಣಿಗೆ ಹೋಗಿ
ಏಣಿ ಹಾಕಿ ತುದಿಗೆ ಹತ್ತಿದ ಮೇಲೆ ನೆನಪಾಯಿತು,
ಬಲ್ಬು ತಂದಿರಲಿಲ್ಲ.